ಬರೆದವರು ಬೇರೆ, ಆಡಿಸುವವರು ಬೇರೆ: ಚೆಸ್ ಎಂಜಿನ್ ಕುರಿತ ಪ್ರಶ್ನೋತ್ತರ

ಪ್ರಶ್ನೆ: ನನ್ನ ತಮ್ಮ ರಾತ್ರಿಯಿಡೀ ಎರಡು ಚೆಸ್ ಎಂಜಿನ್‌ಗಳನ್ನು ಪರಸ್ಪರ ಆಡಲು ಬಿಟ್ಟು, ಬೆಳಿಗ್ಗೆ ಎದ್ದೊಡನೆ ಫಲಿತಾಂಶ ನೋಡಲು ಓಡುತ್ತಾನೆ. ಆ ಎಂಜಿನ್‌ಗಳಲ್ಲಿ ಒಂದು ಸಾಲನ್ನೂ ಅವನು ಬರೆದಿಲ್ಲ, ಆಡುವವನೂ ಅವನಲ್ಲ. ಇದರಲ್ಲಿ ಅವನಿಗೆ ಸಿಗುವ ಸಂತೋಷವಾದರೂ ಏನು?

ಉತ್ತರ: ಎಂಜಿನ್ ಎಂದರೆ ಚೆಸ್ ನಡೆಗಳನ್ನು ತಾನೇ ಹುಡುಕಿ ಆಡುವ ತಂತ್ರಾಂಶ. ಅದನ್ನು ಬರೆದವರಿಗೂ ಅದು ಮುಂದೆ ಯಾವ ನಡೆ ಆಡುತ್ತದೆಂದು ಗೊತ್ತಿರುವುದಿಲ್ಲ. ಇದೊಂದು ಮನಸ್ಸಿಗೆ ಬಂದರೆ ನಿಮ್ಮ ತಮ್ಮನ ಸಂತೋಷ ಅರ್ಧ ಅರ್ಥವಾದಂತೆ. ಬರೆದವರು ಹುಡುಕುವ ವಿಧಾನ ಕೊಟ್ಟಿದ್ದಾರೆ. ಸೆಕೆಂಡಿಗೆ ಲಕ್ಷಗಟ್ಟಲೆ ಸ್ಥಿತಿಗಳನ್ನು ಜಾಲಾಡಿ ಬರುವ ಉತ್ತರ ಅವರಿಗೂ ಹೊಸದು, ಆಡಿಸುವವರಿಗೂ ಹೊಸದು. ಯಾವ ಆರಂಭ ಕೊಡಬೇಕು, ಎಷ್ಟು ಸಮಯ ಕೊಡಬೇಕು, ಯಾರೆದುರು ಯಾರನ್ನು ಕೂರಿಸಬೇಕು ಎಂಬುದೆಲ್ಲ ಆಡಿಸುವವರ ತೀರ್ಮಾನ. ಹಾಗಾಗಿ ಬೆಳಿಗ್ಗೆ ಪರದೆಯ ಮೇಲಿರುವ ಅಂಕಿ ನಿಮ್ಮ ತಮ್ಮ ಕೇಳಿದ ಪ್ರಶ್ನೆಗೆ ಬಂದ ಉತ್ತರ. ಅದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

ಇನ್ನು ‘ಒಂದು ಸಾಲನ್ನೂ ಅವನು ಬರೆದಿಲ್ಲ’ ಎಂಬ ನಿಮ್ಮ ಮಾತು. ಇಂದಿನ ಮುಂಚೂಣಿಯ ಎಂಜಿನ್‌ಗಳಲ್ಲಿ ಒಬ್ಬರೇ ಸೃಷ್ಟಿಸಿದ್ದು ಎನ್ನುವಂಥದ್ದು ಕಡಿಮೆ. ಸ್ಟಾಕ್‌ಫಿಶ್ ಅನ್ನೇ ನೋಡಿ. ಟೋರ್ಡ್ ರೋಮ್‌ಸ್ಟಾಡ್ ಬರೆದ ಗ್ಲೌರಂಗ್ ಎಂಬ ಮುಕ್ತ ಎಂಜಿನ್ ಅದರ ಮೂಲ. ಅದನ್ನು ತೆಗೆದುಕೊಂಡು ಮಾರ್ಕೊ ಕೋಸ್ಟಾಲ್ಬಾ 2008ರಲ್ಲಿ ಸ್ಟಾಕ್‌ಫಿಶ್ ಹೊರತಂದರು. ಆಮೇಲೆ ನೂರಾರು ಜನ ತಿದ್ದಿದರು. ಸ್ಥಿತಿಯನ್ನು ಅಳೆಯುವ ಅದರ ಇಂದಿನ ನರಜಾಲದ (ನ್ಯೂರಲ್ ನೆಟ್‌ವರ್ಕ್) ವಿಧಾನ ಹುಟ್ಟಿದ್ದು ಚೆಸ್‌ನಲ್ಲೇ ಅಲ್ಲ; ಜಪಾನಿನ ಶೋಗಿ ಆಟಕ್ಕಾಗಿ ಯು ನಾಸು 2018ರಲ್ಲಿ ರೂಪಿಸಿದ್ದು ಅದು. 2020ರಲ್ಲಿ ಸ್ಟಾಕ್‌ಫಿಶ್ 12ರೊಂದಿಗೆ ಇಲ್ಲಿಗೆ ಬಂತು. ಆ ಜಾಲದೊಳಗಿನ ಅಂಕಿಗಳನ್ನು ಯಾವ ಮನುಷ್ಯನೂ ಕೂತು ಬರೆದಿಲ್ಲ, ತರಬೇತಿಯಿಂದ ಮೂಡಿದವು. ಅದನ್ನು ಪೂರ್ತಿ ‘ನನ್ನದು’ ಎನ್ನಬಲ್ಲವರು ಅದರ ತಂಡದಲ್ಲೂ ಇಲ್ಲ.

ಜನರಿಗೆ ಸ್ವತಃ ಆಡಿಸಿ ನೋಡುವ ಹಸಿವು ಎಷ್ಟಿದೆ ಎನ್ನುವುದಕ್ಕೆ ಲೀಲಾ ಎಂಬ ಎಂಜಿನ್ ಸಾಕ್ಷಿ. 2017ರ ಡಿಸೆಂಬರಿನಲ್ಲಿ ಡೀಪ್‌ಮೈಂಡ್ ಕಂಪನಿಯು ತನ್ನೊಡನೆ ತಾನೇ ಆಡಿ ಕಲಿತ ಆಲ್ಫಾಝೀರೋದ ಆಟಗಳನ್ನು ತೋರಿಸಿತು, ಎಂಜಿನ್ ಅನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಪ್ರಕಟವಾದ ಆಟಗಳನ್ನು ಓದಿ ಜನ ಸುಮ್ಮನಾಗಲಿಲ್ಲ. 2018ರಲ್ಲಿ ಅದೇ ವಿಧಾನವನ್ನು ಹಿಡಿದು ಲೀಲಾ ಚೆಸ್ ಝೀರೋ ಎಂಬ ಮುಕ್ತ ಯೋಜನೆ ಶುರುವಾಯಿತು. ಸ್ವಯಂಸೇವಕರು ತಮ್ಮ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಅದನ್ನು ತನ್ನೊಡನೆ ತಾನೇ ಆಡಿಸಿ, ಆ ಆಟಗಳನ್ನು ತರಬೇತಿಗೆ ಕಳಿಸಿ ಬೆಳೆಸಿದರು.

ಪಕ್ಷ ವಹಿಸುವ ಸುಖವೂ ಇದೆ, ಅದನ್ನು ಹಗುರವಾಗಿ ಕಾಣಬೇಕಿಲ್ಲ. ಎಂಜಿನ್‌ಗಳ ಬಲಾಬಲದ ಪಟ್ಟಿಯಲ್ಲಿ ಐವತ್ತನೇ ಸ್ಥಾನದ ಎಂಜಿನ್ ಒಂದರ ಹೊಸ ಆವೃತ್ತಿ ಹಿಂದಿನದಕ್ಕಿಂತ ಎಷ್ಟು ಮುಂದೆ ಹೋಯಿತು ಎಂದು ವರ್ಷಗಟ್ಟಲೆ ಹಿಂಬಾಲಿಸುವವರಿದ್ದಾರೆ. ಫ್ಯಾಬಿಯನ್ ಲೆಟೂಝಿಯವರ ಫ್ರೂಟ್ 2.1 ಬಂದದ್ದು 2005ರಲ್ಲಿ. ಅದನ್ನು ಇವತ್ತಿನ ಯಂತ್ರದಲ್ಲಿ ಇವತ್ತಿನ ಎಂಜಿನ್‌ಗೆ ಎದುರು ಕೂರಿಸಿದರೆ, ಎರಡು ದಶಕಗಳಲ್ಲಿ ಯಂತ್ರದ ವೇಗವನ್ನು ಬಿಟ್ಟು ತಂತ್ರಾಂಶವೊಂದೇ ಎಷ್ಟು ಬೆಳೆಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಈ ಪ್ರಯೋಗಕ್ಕೆ ಪ್ರೋಗ್ರಾಮಿಂಗ್ ಬೇಕಿಲ್ಲ, ತಾಳ್ಮೆ ಬೇಕು.

ಪ್ರಶ್ನೆ: ನಾನೂ ಶುರುಮಾಡಬೇಕೆಂದಿದ್ದೇನೆ. ಸ್ಟಾಕ್‌ಫಿಶ್ ಇಳಿಸಿಕೊಂಡು ತೆರೆದರೆ ಬರೀ ಕಪ್ಪು ಕಿಟಕಿ ಬರುತ್ತದೆ, ಹಲಗೆಯೇ ಇಲ್ಲ. ಇನ್ನೊಂದು ಕಂಪ್ಯೂಟರಿನಲ್ಲಿ ಅದೂ ತೆರೆಯದೆ ಮುಚ್ಚಿಕೊಳ್ಳುತ್ತದೆ.

ಉತ್ತರ: ಕಪ್ಪು ಕಿಟಕಿ ಬಂದರೆ ಎಲ್ಲ ಸರಿಯಿದೆ ಎಂದರ್ಥ. ಎಂಜಿನ್‌ಗೆ ಹಲಗೆ ಇರುವುದಿಲ್ಲ, ಅದು ಅಕ್ಷರಗಳಲ್ಲಿ ಮಾತಾಡುತ್ತದೆ. ಆ ಮಾತಿನ ನಿಯಮವೇ ಯುಸಿಐ. 2000ದಲ್ಲಿ ಸ್ಟೆಫಾನ್ ಮೈಯರ್-ಕಾಲೆನ್ ಮತ್ತು ರುಡಾಲ್ಫ್ ಹೂಬರ್ ರೂಪಿಸಿದರು. ಹಲಗೆ, ಗಡಿಯಾರ, ಆಟ ಉಳಿಸುವ ಕೆಲಸ ಬೇರೆ ತಂತ್ರಾಂಶದ್ದು: ಅರೇನಾ, ಕ್ಯೂಟ್‌ಚೆಸ್, ಬ್ಯಾಂಕ್ಸಿಯಾ ಇವೆಲ್ಲ ಉಚಿತವಾಗಿ ಸಿಗುತ್ತವೆ. ಅದರಲ್ಲಿ ‘ಎಂಜಿನ್ ಸೇರಿಸು’ ಎಂಬ ಆಯ್ಕೆಗೆ ಹೋಗಿ ಎಂಜಿನ್ ಫೈಲನ್ನು ತೋರಿಸಿ, ಯುಸಿಐ ಎಂದು ಆರಿಸಿ.

ಆದರೂ ಹಲಗೆಗೆ ಜೋಡಿಸುವ ಮುನ್ನ ಆ ಕಪ್ಪು ಕಿಟಕಿಯಲ್ಲಿ ಹತ್ತು ನಿಮಿಷ ಕಳೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ‘ಯುಸಿಐ’ ಎಂದು ಬರೆದು ಎಂಟರ್ ಒತ್ತಿದರೆ ಎಂಜಿನ್ ತನ್ನ ಎಲ್ಲ ಆಯ್ಕೆಗಳನ್ನೂ ಒಪ್ಪಿಸುತ್ತದೆ. ‘ಈಸ್‌ರೆಡಿ’ ಎಂದರೆ ‘ರೆಡಿಓಕೆ’ ಎನ್ನುತ್ತದೆ. ‘ಗೋ ಡೆಪ್ತ್ 20’ ಎಂದರೆ 20ರ ಆಳದವರೆಗೆ ಹುಡುಕಿ, ಪ್ರತಿ ಆಳಕ್ಕೂ ಅಂಕ, ನೋಡಿದ ಸ್ಥಿತಿಗಳ ಸಂಖ್ಯೆ, ಸೆಕೆಂಡಿಗೆ ಎಷ್ಟು ಎಂಬ ವೇಗ, ಉತ್ತಮ ನಡೆಗಳ ಸರಣಿ ಎಲ್ಲವನ್ನೂ ಸಾಲುಸಾಲಾಗಿ ಬರೆಯುತ್ತದೆ. ಮುಂದೆ ಏನಾದರೂ ಕೆಟ್ಟಾಗ ದೋಷ ಎಂಜಿನ್‌ನದೋ ಹಲಗೆಯ ತಂತ್ರಾಂಶದ್ದೋ ಎಂದು ಹೇಳಲು ಈ ಪರಿಚಯ ಬೇಕೇ ಬೇಕು.

ತೆರೆಯದೆ ಮುಚ್ಚಿಕೊಳ್ಳುವುದಕ್ಕೆ ಸಾಮಾನ್ಯ ಕಾರಣ ತಪ್ಪು ಆವೃತ್ತಿ. ಒಂದೇ ಎಂಜಿನ್ ಹಲವು ಬಗೆಯ ಪ್ರೊಸೆಸರ್‌ಗಳಿಗೆ ಬೇರೆ ಬೇರೆಯಾಗಿ ಸಿದ್ಧವಾಗಿರುತ್ತದೆ. ಎವಿಎಕ್ಸ್2 (ಹೊಸ ಪ್ರೊಸೆಸರ್‌ಗಳಿಗೆ ಅರ್ಥವಾಗುವ ಸೂಚನೆಗಳ ಗುಂಪು) ಎಂದು ಗುರುತಿರುವುದು ಆ ಸೂಚನೆಗಳಿಲ್ಲದ ಹಳೆಯ ಪ್ರೊಸೆಸರ್‌ನಲ್ಲಿ ಕ್ಷಣದಲ್ಲೇ ನಿಲ್ಲುತ್ತದೆ. ಆಗ ಎಸ್‌ಎಸ್‌ಇ41-ಪಾಪ್‌ಕೌಂಟ್ ಎಂದಿರುವುದನ್ನು ತೆಗೆದುಕೊಳ್ಳಿ. ಹೊಸ ಯಂತ್ರದಲ್ಲಿ ಹಳೆಯದನ್ನು ಓಡಿಸಿದರೂ ಓಡುತ್ತದೆ, ವೇಗ ಮಾತ್ರ ಕಡಿಮೆ. ಲೀಲಾ ಹಾಕುವುದಾದರೆ ಎಂಜಿನ್ ಜೊತೆಗೆ ನರಜಾಲದ ಫೈಲೂ ಅದೇ ಫೋಲ್ಡರಿನಲ್ಲಿರಬೇಕು. ಅದಿಲ್ಲದೆ ಲೀಲಾ ಒಂದು ನಡೆಯನ್ನೂ ಆಡದು.

ಆಯ್ಕೆಗಳಲ್ಲಿ ಆರಂಭಕ್ಕೆ ಎರಡು ಸಾಕು. ‘ಥ್ರೆಡ್ಸ್’ ಎಂದರೆ ಏಕಕಾಲಕ್ಕೆ ನಡೆಯುವ ಹುಡುಕಾಟಗಳ ಸಂಖ್ಯೆ; ಸ್ಟಾಕ್‌ಫಿಶ್‌ನಲ್ಲಿ ತಾನಾಗಿ 1 ಇರುತ್ತದೆ. ವಿಶ್ಲೇಷಣೆಗೆ ಅದನ್ನು ನಿಜವಾದ ಕೋರ್‌ಗಳ ಸಂಖ್ಯೆಗಿಂತ ಒಂದು ಕಡಿಮೆ ಇಡಿ. ‘ಹ್ಯಾಶ್’ ಎಂದರೆ ಕಂಡ ಸ್ಥಿತಿಗಳನ್ನು ನೆನಪಿಡುವ ಜಾಗ. ತಾನಾಗಿ ಇರುವುದು 16 ಮೆಗಾಬೈಟ್; ದೀರ್ಘ ವಿಶ್ಲೇಷಣೆಗೆ ಅದು ಏನೇನೂ ಸಾಲದು, 1024ಕ್ಕೆ ಏರಿಸಿ. ಎಂಜಿನ್ ಬರೆಯುವ ಸಾಲಿನಲ್ಲಿ ‘ಹ್ಯಾಶ್‌ಫುಲ್’ ಎಂಬ ಅಂಕಿ 1000 ತಲುಪಿದರೆ ಜಾಗ ತುಂಬಿತೆಂದು ಅರ್ಥ. ಹಾಗೆಂದು ಇರುವ ಮೆಮೊರಿಯನ್ನೆಲ್ಲ ಕೊಟ್ಟುಬಿಟ್ಟರೆ ಆಪರೇಟಿಂಗ್ ಸಿಸ್ಟಂ ಡಿಸ್ಕಿಗೆ ಮೊರೆಹೋಗಿ ವೇಗ ಪಾತಾಳಕ್ಕಿಳಿಯುತ್ತದೆ.

ಪ್ರಶ್ನೆ: ಎರಡು ಎಂಜಿನ್‌ಗಳಿಗೆ 20 ಆಟ ಆಡಿಸಿದೆ. ಮೊದಲನೆಯದು 6 ಗೆದ್ದು, 2 ಸೋತು, 12 ಡ್ರಾ ಮಾಡಿ 12–8ರಿಂದ ಮೇಲುಗೈ ಪಡೆಯಿತು. ಅದೇ ಬಲಿಷ್ಠ ಎನ್ನಬಹುದೆ?

ಉತ್ತರ: ಇನ್ನೂ ಎನ್ನಲಾಗದು. ಈ ಹವ್ಯಾಸದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ ಆದ್ದರಿಂದ ಲೆಕ್ಕವನ್ನು ಬಿಡಿಸಿ ಹೇಳುತ್ತೇವೆ.

ನಿಮ್ಮ ಎಂಜಿನ್ ಪಡೆದದ್ದು ಶೇ 60 ಅಂಕ. ಅದು 70 ಇಲೊ (ಆಟಗಾರರ ಬಲ ಅಳೆಯುವ ರೇಟಿಂಗ್ ಅಂಕ) ಅಂತರಕ್ಕೆ ಸಮ. ಗೆಲುವು, ಸೋಲು, ಡ್ರಾಗಳು ಹರಡಿರುವ ರೀತಿಯಿಂದ ಒಂದು ಆಟದ ಏರಿಳಿತ 0.3 ಅಂಕ ಎಂದು ಬರುತ್ತದೆ. 20ರ ವರ್ಗಮೂಲದಿಂದ ಭಾಗಿಸಿದರೆ 0.067. ಶೇ 95ರ ಭರವಸೆ ಬೇಕೆಂದರೆ ಅದರ ಎರಡರಷ್ಟನ್ನು ಎರಡೂ ಕಡೆ ಬಿಡಬೇಕು. ಆಗ ನಿಜವಾದ ಬಲ ಶೇ 47ರಿಂದ 73ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಇಲೊ ಭಾಷೆಯಲ್ಲಿ ಮೊದಲನೆಯದು 20 ಅಂಕ ಹಿಂದೆಯೂ ಇರಬಹುದು, 170 ಅಂಕ ಮುಂದೆಯೂ ಇರಬಹುದು. ಇಷ್ಟು ಅಗಲದ ಉತ್ತರದಿಂದ ಏನನ್ನೂ ತೀರ್ಮಾನಿಸಲಾಗದು.

ಆಟಗಳನ್ನು ಹೆಚ್ಚಿಸಿದರೆ ಅಗಲ ಕುಗ್ಗುತ್ತದೆ, ಆದರೆ ನಿಧಾನವಾಗಿ: ನಾಲ್ಕರಷ್ಟು ಆಟ ಆಡಿಸಿದರೆ ಅರ್ಧಕ್ಕಿಳಿಯುತ್ತದೆ. ಶೇ 60 ಆಟಗಳು ಡ್ರಾ ಆಗುವ, ಹೆಚ್ಚುಕಡಿಮೆ ಸಮಬಲದ ಜೋಡಿಗೆ 100 ಆಟದಲ್ಲಿ ಎರಡೂ ಕಡೆ 43 ಇಲೊ, 1000 ಆಟದಲ್ಲಿ 14, 10,000 ಆಟದಲ್ಲಿ 4. ಎರಡು ಆವೃತ್ತಿಗಳ ನಡುವಿನ 5 ಇಲೊ ಅಂತರವನ್ನು ಮನೆಯ ಒಂದು ಕಂಪ್ಯೂಟರಿನಲ್ಲಿ ಒಂದು ರಾತ್ರಿಯಲ್ಲಿ ಹಿಡಿಯುವುದು ಯಾಕೆ ಕಷ್ಟ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾಗಿ ಸಣ್ಣ ಅವಧಿಯ ಆಟಗಳಿಂದ ಶುರುಮಾಡಿ. ಒಂದು ಕಡೆಗೆ 10 ಸೆಕೆಂಡು, ಪ್ರತಿ ನಡೆಗೆ 0.1 ಸೆಕೆಂಡು ಸೇರ್ಪಡೆ ಎಂದಿಟ್ಟರೆ ಒಂದು ಆಟ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. 1000 ಆಟಕ್ಕೆ ಎಂಟು ಗಂಟೆಗಿಂತ ತುಸು ಹೆಚ್ಚು. ಏಕಕಾಲಕ್ಕೆ ನಾಲ್ಕು ಆಟ ನಡೆಸಿದರೆ ಎರಡು ಗಂಟೆಯ ಆಸುಪಾಸು. ಕ್ಯೂಟ್‌ಚೆಸ್‌ನ ಆಜ್ಞಾಸಾಲಿನ ರೂಪ ಇದಕ್ಕೆ ಹೇಳಿಮಾಡಿಸಿದ್ದು. ಪ್ರತಿ ಎಂಜಿನ್‌ಗೆ ಒಂದೇ ಥ್ರೆಡ್, 16 ಮೆಗಾಬೈಟ್ ಹ್ಯಾಶ್ ಇಡಿ. ಫಲಿತಾಂಶ ಸ್ಪಷ್ಟವಾದ ಆಟಗಳನ್ನು ಮುಗಿಸಿಬಿಡಲು ಎರಡು ನಿಯಮ ಹಾಕಿ: ಸತತ 3 ನಡೆ ಅಂಕ 6 ಕಾಲಾಳುಗಳಷ್ಟು ಕೆಳಗಿದ್ದರೆ ಸೋಲು, 34ನೇ ನಡೆಯ ನಂತರ ಸತತ 8 ನಡೆ ಅಂಕ 0.20ರೊಳಗೇ ಇದ್ದರೆ ಡ್ರಾ.

ಲೆಕ್ಕದಷ್ಟೇ ಮುಖ್ಯವಾದದ್ದು ಆರಂಭಗಳು. ನೀವು ಆರಂಭಗಳ ಫೈಲು ಕೊಡದಿದ್ದರೆ ಎರಡು ಎಂಜಿನ್‌ಗಳು ಒಂದೇ ಬಗೆಯ ಆಟವನ್ನು ಮತ್ತೆಮತ್ತೆ ಆಡುತ್ತವೆ. ಆಗ ಸಾವಿರ ಆಟ ಹೆಸರಿಗಷ್ಟೇ ಸಾವಿರ. ಎಂಟು ನಡೆಗಳಷ್ಟು ಮೊದಲೇ ಆಡಿಟ್ಟ ಸಾವಿರಾರು ಸ್ಥಿತಿಗಳ ಫೈಲುಗಳು ಸಿಗುತ್ತವೆ. ಪ್ರತಿ ಆರಂಭವನ್ನೂ ಬಣ್ಣ ಬದಲಿಸಿ ಎರಡು ಸಲ ಆಡಿಸಬೇಕು. ಬಲಾಢ್ಯ ಎಂಜಿನ್‌ಗಳಾದರೆ ಸಮತೋಲದ ಆರಂಭಗಳಲ್ಲಿ ಬಹುಪಾಲು ಡ್ರಾ ಬಂದು ಏನೂ ತಿಳಿಯುವುದಿಲ್ಲ. ಅದಕ್ಕೇ ಒಂದು ಕಡೆಗೆ ಬೇಕೆಂದೇ ವಾಲಿಸಿದ ಆರಂಭಗಳನ್ನು ಬಳಸುತ್ತಾರೆ. ಸ್ಟೆಫಾನ್ ಪೋಲ್ ಸಿದ್ಧಪಡಿಸಿದ ಯುಎಚ್‌ಒ ಸಂಗ್ರಹ ಈ ಬಗೆಯದು. ಅಲ್ಲಿ ಎರಡೂ ಸಲ ಬಿಳಿಯೇ ಗೆದ್ದರೆ ಜೋಡಿ ಸಮ. ಬಿಳಿಯಲ್ಲಿ ಗೆದ್ದು ಕಪ್ಪಿನಲ್ಲಿ ಡ್ರಾ ಉಳಿಸಿಕೊಂಡದ್ದು ಜೋಡಿ ಗೆದ್ದಿತು.

ಇನ್ನೊಂದು ಎಚ್ಚರ: ಫಲಿತಾಂಶ ನಿಮಗೆ ಬೇಕಾದಂತೆ ಕಂಡ ಕ್ಷಣದಲ್ಲಿ ನಿಲ್ಲಿಸಬೇಡಿ. ಎಷ್ಟು ಆಟ ಎಂದು ಮೊದಲೇ ಗೊತ್ತುಮಾಡಿ, ಇಲ್ಲವೇ ತಂತ್ರಾಂಶದಲ್ಲಿರುವ ಎಸ್‌ಪಿಆರ್‌ಟಿ ಪರೀಕ್ಷೆಯನ್ನು ಬಳಸಿ. ಸಾಕ್ಷ್ಯ ಸಾಕಾದಾಗ ಅದು ತಾನೇ ನಿಲ್ಲುತ್ತದೆ.

ಪ್ರಶ್ನೆ: ನನ್ನ ಪಂದ್ಯಗಳಲ್ಲಿ ಒಂದು ಎಂಜಿನ್ ಆಗಾಗ ಸಮಯ ಮೀರಿ ಸೋಲುತ್ತದೆ. ಎಂಜಿನ್‌ನ ದೋಷವೆ?

ಉತ್ತರ: ಕೆಲವೊಮ್ಮೆ ಹೌದು, ಹೆಚ್ಚಿನ ಸಲ ವ್ಯವಸ್ಥೆಯ ದೋಷ. ಮೊದಲು ‘ಪಾಂಡರ್’ ಆಫ್ ಮಾಡಿ. ಅದು ಎದುರಾಳಿಯ ಸರದಿಯಲ್ಲೂ ಯೋಚಿಸುವ ಆಯ್ಕೆ. ಒಂದೇ ಯಂತ್ರದಲ್ಲಿ ಎರಡೂ ಎಂಜಿನ್‌ಗಳಿರುವಾಗ ಒಂದರ ಕೋರನ್ನು ಇನ್ನೊಂದು ಕಸಿಯುತ್ತದೆ. ಎರಡನೆಯದಾಗಿ, ಏಕಕಾಲದ ಆಟಗಳ ಸಂಖ್ಯೆಯನ್ನು ಥ್ರೆಡ್‌ಗಳಿಂದ ಗುಣಿಸಿ ನೋಡಿ. ಬಂದದ್ದು ನಿಜವಾದ ಕೋರ್‌ಗಳಿಗಿಂತ ಕಡಿಮೆ ಇರಬೇಕು. ಆಪರೇಟಿಂಗ್ ಸಿಸ್ಟಂ ತೋರಿಸುವ ಸಂಖ್ಯೆ ಅನೇಕ ಪ್ರೊಸೆಸರ್‌ಗಳಲ್ಲಿ ಅದರ ಎರಡರಷ್ಟಿರುತ್ತದೆ, ಅದನ್ನು ನಂಬಬೇಡಿ. ಮೂರನೆಯದು ‘ಮೂವ್ ಓವರ್‌ಹೆಡ್’: ನಡೆ ಎಂಜಿನ್‌ನಿಂದ ಹಲಗೆಗೆ ತಲುಪಲು ಬಿಡುವ ಸಮಯ. ಸ್ಟಾಕ್‌ಫಿಶ್‌ನಲ್ಲಿ ಅದು ತಾನಾಗಿ 10 ಮಿಲಿಸೆಕೆಂಡು. ನಿಧಾನದ ಹಲಗೆಯಲ್ಲಿ 50 ಅಥವಾ 100 ಮಾಡಿ.

ಲ್ಯಾಪ್‌ಟಾಪ್ ಆದರೆ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೊದಲ ಕೆಲವು ನಿಮಿಷ ಇದ್ದ ವೇಗ ಅರ್ಧ ಗಂಟೆಯ ನಂತರ ಇರುವುದಿಲ್ಲ, ಪ್ರೊಸೆಸರ್ ತನ್ನನ್ನು ತಾನೇ ನಿಧಾನಿಸುತ್ತದೆ. ಸ್ಟಾಕ್‌ಫಿಶ್‌ಗೆ ‘ಬೆಂಚ್’ ಎಂಬ ಆಜ್ಞೆ ಕೊಟ್ಟು ಪಂದ್ಯಕ್ಕೆ ಮೊದಲೂ ನಡುವೆಯೂ ವೇಗ ಹೋಲಿಸಿ. ದೊಡ್ಡ ಅಂತರ ಕಂಡರೆ ಏಕಕಾಲದ ಆಟಗಳನ್ನು ಇಳಿಸಿ.

ಪ್ರಶ್ನೆ: ಒಂದೇ ಸ್ಥಿತಿಗೆ ಸ್ಟಾಕ್‌ಫಿಶ್ ಒಂದು ಅಂಕ, ಲೀಲಾ ಇನ್ನೊಂದು ಅಂಕ ಕೊಡುತ್ತದೆ. ಯಾವುದು ಸರಿ?

ಉತ್ತರ: ಎರಡರ ಅಳತೆಗೋಲೂ ಬೇರೆ. ಸ್ಟಾಕ್‌ಫಿಶ್ 15.1ರಿಂದ ಈಚೆಗೆ +1.00 ಎಂದರೆ ತನ್ನೊಡನೆ ತಾನೇ ಆಡಿದರೆ ಗೆಲ್ಲುವ ಸಾಧ್ಯತೆ ಅರ್ಧದಷ್ಟು ಎಂದು ಅರ್ಥ. ಹಲಗೆಯ ಮೇಲೆ ಒಂದು ಕಾಲಾಳು ಹೆಚ್ಚಿದೆ ಎಂದಲ್ಲ. ಲೀಲಾ ಗೆಲುವಿನ ಸಂಭವವನ್ನು ಬೇರೆ ಸೂತ್ರದಿಂದ ಅಂಕವಾಗಿ ಪರಿವರ್ತಿಸುತ್ತದೆ. ಅಂಕಗಳನ್ನು ನೇರ ಹೋಲಿಸದೆ, ಎರಡೂ ಸೂಚಿಸುವ ನಡೆಗಳನ್ನು ಹೋಲಿಸಿ. ಹಲವು ಥ್ರೆಡ್ ಇದ್ದಾಗ ಒಂದೇ ಎಂಜಿನ್ ಎರಡು ಸಲ ಎರಡು ಉತ್ತರ ಕೊಡುವುದೂ ಸಹಜವೇ.

ಪ್ರಶ್ನೆ: ಎಂಜಿನ್ ಇಷ್ಟು ಬಲಿಷ್ಠವಾದ ಮೇಲೆ ಆಡಿಸುವವರ ಜಾಣತನಕ್ಕೆ ಜಾಗ ಉಳಿದಿದೆಯೆ?

ಉತ್ತರ: 2005ರಲ್ಲಿ ಯಾವ ಸಹಾಯವನ್ನಾದರೂ ಬಳಸಬಹುದಾದ ಫ್ರೀಸ್ಟೈಲ್ ಪಂದ್ಯಾವಳಿಯೊಂದು ನಡೆಯಿತು. ಸ್ಟೀವನ್ ಕ್ರ್ಯಾಮ್ಟನ್ ಮತ್ತು ಝ್ಯಾಕರಿ ಸ್ಟೀಫನ್ ಎಂಬ ಇಬ್ಬರು ಹವ್ಯಾಸಿಗಳು ಮೂರು ಕಂಪ್ಯೂಟರ್‌ಗಳನ್ನು ಇಟ್ಟುಕೊಂಡು, ಗ್ರ್ಯಾಂಡ್‌ಮಾಸ್ಟರ್‌ಗಳಿದ್ದ ತಂಡಗಳನ್ನು ಹಿಂದಿಕ್ಕಿ ಗೆದ್ದರು. ಅವರ ಬಳಿ ಇದ್ದ ಎಂಜಿನ್‌ಗಳು ಎಲ್ಲರಿಗೂ ಸಿಗುವಂಥವೇ. ಯಾವ ಎಂಜಿನ್‌ಗೆ ಯಾವಾಗ ಏನು ಕೇಳಬೇಕು ಎಂಬ ಪಳಗುವಿಕೆ ಅವರನ್ನು ಗೆಲ್ಲಿಸಿತು.

ಅಂದಿನಷ್ಟು ದೊಡ್ಡ ಲಾಭ ಇಂದು ಸಿಗದು. ಎಂಜಿನ್ ಬಳಕೆಗೆ ಅನುಮತಿಯಿರುವ ಅಂತರರಾಷ್ಟ್ರೀಯ ಅಂಚೆ ಚೆಸ್ ಒಕ್ಕೂಟದ ಮೇಲ್ಮಟ್ಟದ ಪಂದ್ಯಗಳಲ್ಲಿ ಬಹುತೇಕ ಆಟ ಡ್ರಾ. ಆದರೂ ವಿಶ್ಲೇಷಣೆಯಲ್ಲಿ ಕೈಚಳಕ ಇದ್ದೇ ಇದೆ. ‘ಮಲ್ಟಿಪಿವಿ’ 3 ಅಥವಾ 4 ಮಾಡಿ ಉತ್ತಮ ನಡೆಯ ಜೊತೆ ಅದರ ಪ್ರತಿಸ್ಪರ್ಧಿಗಳನ್ನೂ ನೋಡಿ. ಸೂಚಿಸಿದ ಸರಣಿಯಲ್ಲಿ ಹತ್ತು ಹನ್ನೆರಡು ನಡೆ ಮುಂದೆ ಹೋಗಿ, ಅಲ್ಲಿ ಯೋಚಿಸಲು ಬಿಟ್ಟು, ಒಂದೊಂದೇ ನಡೆ ಹಿಂದಕ್ಕೆ ಬನ್ನಿ. ಮುಂದೆ ಕಂಡದ್ದು ಹ್ಯಾಶ್‌ನಲ್ಲಿ ಉಳಿದಿರುವುದರಿಂದ ಮೊದಲು ಮೆಚ್ಚಿದ್ದ ನಡೆಯನ್ನು ಎಂಜಿನ್ ಎಷ್ಟೋ ಸಲ ಕೈಬಿಡುತ್ತದೆ. ಈ ಹಂತದಲ್ಲಿ ಸಿಗುವ ಖುಷಿಗೆ ಸಾಟಿಯಿಲ್ಲ. ಅಂಕ +2ರಲ್ಲೇ ಇಪ್ಪತ್ತು ನಡೆ ಅಲುಗದೆ ನಿಂತರೆ ಅದು ಭೇದಿಸಲಾಗದ ಕೋಟೆಯಿರಬಹುದೆಂದು ಸಂಶಯಿಸಿ, ಗೆಲ್ಲುವ ಕಡೆಯಿಂದ ಕಾಲಾಳು ಮುನ್ನುಗ್ಗಿಸುವ ನಡೆಗಳನ್ನು ನೀವೇ ಆಡಿ ನೋಡಿ.

ಅಂತ್ಯದಾಟಕ್ಕೆ ರೊನಾಲ್ಡ್ ಡಿ ಮ್ಯಾನ್ ರೂಪಿಸಿದ ಸಿಝಿಜಿ ಕೋಷ್ಟಕಗಳನ್ನು (ಕೆಲವೇ ಕಾಯಿ ಉಳಿದ ಸ್ಥಿತಿಗಳ ಫಲಿತಾಂಶವನ್ನು ಮೊದಲೇ ಲೆಕ್ಕಹಾಕಿಟ್ಟವು) ಜೋಡಿಸಿ. ರಾಜರೂ ಸೇರಿ 5 ಕಾಯಿಗಳವರೆಗಿನದು ಸುಮಾರು 1 ಗಿಗಾಬೈಟ್, 6 ಕಾಯಿಯದು ಸುಮಾರು 150 ಗಿಗಾಬೈಟ್. 7 ಕಾಯಿಯದು 17 ಟೆರಾಬೈಟ್‌ನ ಆಸುಪಾಸು, ಮನೆಗೆ ಬೇಡ. ತಿರುಗುವ ಹಾರ್ಡ್ ಡಿಸ್ಕಿನಲ್ಲಿಟ್ಟರೆ ಹುಡುಕಾಟ ಕುಂಟುತ್ತದೆ, ಎಸ್‌ಎಸ್‌ಡಿಯಲ್ಲಿಡಿ. ಡಬ್ಲ್ಯುಡಿಎಲ್ (ಗೆಲುವೋ ಡ್ರಾವೋ ಸೋಲೋ ಎನ್ನುವುದು), ಡಿಟಿಝಡ್ (ಮುಂದಿನ ಕಾಯಿ ಹೊಡೆತಕ್ಕೋ ಕಾಲಾಳು ನಡೆಗೋ ಎಷ್ಟು ದೂರ ಎನ್ನುವುದು) ಎರಡೂ ಬಗೆಯ ಫೈಲು ಬೇಕು. ಮೊದಲನೆಯದಷ್ಟೇ ಇದ್ದರೆ ಗೆಲುವಿದೆಯೆಂದು ಗೊತ್ತಿದ್ದೂ ಎಂಜಿನ್ ಕಾಯಿಗಳನ್ನು ಅತ್ತಿತ್ತ ಓಡಾಡಿಸಬಹುದು.

ಪ್ರಶ್ನೆ: ಬಲ ಇಳಿಸಿದರೂ ಎಂಜಿನ್ ಜೊತೆ ಆಡುವುದು ಬೇಸರ. ಹತ್ತು ಅದ್ಭುತ ನಡೆ ಆಡಿ, ಆಮೇಲೆ ಸುಮ್ಮಸುಮ್ಮನೆ ಆನೆ ಕೊಡುತ್ತದೆ.

ಉತ್ತರ: ಸ್ಟಾಕ್‌ಫಿಶ್‌ನ ‘ಸ್ಕಿಲ್ ಲೆವೆಲ್’ 0ರಿಂದ 20ರವರೆಗಿನದು. ಕೆಳಗಿನ ಮಟ್ಟಗಳಲ್ಲಿ ಅದು ಹಲವು ನಡೆಗಳನ್ನು ಹುಡುಕಿ ಕೀಳಾದದ್ದನ್ನು ನಡುನಡುವೆ ಆರಿಸುತ್ತದೆ. ನಿಮಗೆ ಕಂಡದ್ದು ಅದೇ. ಮನುಷ್ಯರಂತೆ ತಪ್ಪುವುದು ಬೇಕಿದ್ದರೆ ಮಾಯಾ ಎಂಬ ಎಂಜಿನ್ ಹಾಕಿಕೊಳ್ಳಿ. 2020ರಲ್ಲಿ ಬಂದ ಇದರ ಒಂಬತ್ತು ಜಾಲಗಳನ್ನು 1100ರಿಂದ 1900ರವರೆಗಿನ ರೇಟಿಂಗ್‌ನ, ಲಿಚೆಸ್ ಎಂಬ ಚೆಸ್ ಜಾಲತಾಣದ ಆಟಗಾರರ ಆಟಗಳಿಂದ ತರಬೇತಿಗೊಳಿಸಿದ್ದಾರೆ. ಲೀಲಾದ ಎಂಜಿನ್‌ಗೆ ಮಾಯಾದ ಜಾಲದ ಫೈಲು ಕೊಡಿ. ಸಮಯದ ಬದಲು ‘ನೋಡ್ಸ್’ (ನೋಡುವ ಸ್ಥಿತಿಗಳ ಸಂಖ್ಯೆ) ಮಿತಿಯನ್ನು 1 ಎಂದಿಡಿ. ಆ 1 ತಪ್ಪಿದರೆ ಎಂಜಿನ್ ಮುಂದಾಲೋಚನೆಗೆ ತೊಡಗಿ ಮನುಷ್ಯರ ಗುಣ ಕಳೆದುಕೊಳ್ಳುತ್ತದೆ. ಜಾಲ ಚಿಕ್ಕದು, ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ.

ಪ್ರಶ್ನೆ: ಸ್ಟಾಕ್‌ಫಿಶ್‌ನ ಕೆಲವು ಅಂಕಿಗಳನ್ನು ಬದಲಿಸಿ ನನ್ನ ಹೆಸರಿನಲ್ಲಿ ಹಂಚಬಹುದೆ?

ಉತ್ತರ: ಬದಲಿಸಿ ನಿಮ್ಮ ಕಂಪ್ಯೂಟರಿನಲ್ಲಿ ಓಡಿಸಲು ಯಾರ ಅಡ್ಡಿಯೂ ಇಲ್ಲ. ಹಂಚುವಾಗ ಮುಕ್ತ ತಂತ್ರಾಂಶದ ಜಿಪಿಎಲ್ ಪರವಾನಗಿ ಅನ್ವಯಿಸುತ್ತದೆ: ಮೂಲ ಯಾವುದೆಂದು ಹೇಳಬೇಕು, ಬದಲಾವಣೆ ಸಮೇತ ಸಂಪೂರ್ಣ ಮೂಲ ಸಂಕೇತವನ್ನು ಅದೇ ಪರವಾನಗಿಯಲ್ಲಿ ಕೊಡಬೇಕು. ಹೆಸರು ಬದಲಿಸಿ ಮೂಲ ಮುಚ್ಚಿಡುವುದು ಬರೆದವರ ದುಡಿಮೆಗೆ ಮಾಡುವ ಅನ್ಯಾಯ, ಪರೀಕ್ಷಕರಿಗೂ ಹಾನಿ. ಒಂದೇ ಎಂಜಿನ್‌ನ ಹತ್ತು ನಕಲುಗಳನ್ನು ಹತ್ತು ಎಂಜಿನ್ ಎಂದುಕೊಂಡು ಅವರ ಸಾವಿರಾರು ಆಟಗಳು ವ್ಯರ್ಥವಾಗುತ್ತವೆ. 2011ರಲ್ಲಿ ಅಂತರರಾಷ್ಟ್ರೀಯ ಕಂಪ್ಯೂಟರ್ ಗೇಮ್ಸ್ ಸಂಘವು ರಿಬ್ಕಾ ಎಂಜಿನ್ ಕ್ರಾಫ್ಟಿ ಮತ್ತು ಫ್ರೂಟ್‌ನಿಂದ ನಕಲು ಮಾಡಿದೆಯೆಂದು ತೀರ್ಮಾನಿಸಿ ಅದರ 2007ರಿಂದ 2010ರವರೆಗಿನ ವಿಶ್ವ ಪ್ರಶಸ್ತಿಗಳನ್ನು ಹಿಂತೆಗೆದುಕೊಂಡಿತು. ರಿಬ್ಕಾ ಬರೆದವರು ಆ ಆರೋಪವನ್ನು ಒಪ್ಪಲಿಲ್ಲ. ಸ್ಟಾಕ್‌ಫಿಶ್ ತಂಡ 2021ರಲ್ಲಿ ಚೆಸ್‌ಬೇಸ್ ಕಂಪನಿಯ ಮೇಲೆ ಪರವಾನಗಿ ಉಲ್ಲಂಘನೆಯ ದಾವೆ ಹೂಡಿತು; 2022ರಲ್ಲಿ ರಾಜಿಯಾಯಿತು.

ಪ್ರಶ್ನೆ: ಆನ್‌ಲೈನ್‌ನಲ್ಲಿ ಆಡುವಾಗ ಪಕ್ಕದಲ್ಲಿ ಎಂಜಿನ್ ತೆರೆದಿಡಬಹುದೆ?

ಉತ್ತರ: ಕೂಡದು. ಎದುರಾಳಿ ಮನುಷ್ಯನೆಂದು ನಂಬಿ ಕೂತಿರುತ್ತಾನೆ. ಎಂಜಿನ್ ಖಾತೆಗೆ ಲಿಚೆಸ್‌ನಲ್ಲಿ ಪ್ರತ್ಯೇಕ ‘ಬಾಟ್’ ವ್ಯವಸ್ಥೆಯೇ ಇದೆ, ಅಲ್ಲಿ ಎಲ್ಲರಿಗೂ ಗೊತ್ತಿರುವಂತೆ ಆಡಿಸಿ.

ಪ್ರಶ್ನೆ: ನನ್ನ ಕಂಪ್ಯೂಟರ್ ರಾತ್ರಿ ಖಾಲಿ ಇರುತ್ತದೆ. ನನಗೆ ಪ್ರೋಗ್ರಾಮಿಂಗ್ ಬಾರದು. ಈ ಕ್ಷೇತ್ರಕ್ಕೆ ಏನಾದರೂ ಉಪಯೋಗವಾಗಬಲ್ಲೆನೆ?

ಉತ್ತರ: ಖಂಡಿತ. ಸ್ಟಾಕ್‌ಫಿಶ್‌ಗೆ ಬರುವ ಪ್ರತಿ ಸುಧಾರಣೆಯೂ ಫಿಶ್‌ಟೆಸ್ಟ್ ಎಂಬ ವ್ಯವಸ್ಥೆಯಲ್ಲಿ ಪರೀಕ್ಷೆಗೊಳಗಾಗುತ್ತದೆ. ಗ್ಯಾರಿ ಲಿನ್ಸ್‌ಕಾಟ್ 2013ರಲ್ಲಿ ಆರಂಭಿಸಿದ ಇದಕ್ಕೆ ಕಂಪ್ಯೂಟರ್ ಕೊಡುವವರು ನಿಮ್ಮಂಥ ಸ್ವಯಂಸೇವಕರು. ಯಾರೋ ಒಂದು ಸಾಲು ಬದಲಿಸಿ ಸಲ್ಲಿಸುತ್ತಾರೆ, ಹಳೆಯದೂ ಹೊಸದೂ ಸಾವಿರಾರು ಆಟ ಆಡುತ್ತವೆ: ಮೊದಲು 10 ಸೆಕೆಂಡಿನ ಆಟಗಳು, ಪಾಸಾದರೆ 60 ಸೆಕೆಂಡಿನವು. ಎರಡನ್ನೂ ದಾಟಿದ್ದು ಮಾತ್ರ ಎಂಜಿನ್ ಸೇರುತ್ತದೆ. ಹೆಚ್ಚಿನವು ಬೀಳುತ್ತವೆ. ಬಿದ್ದದ್ದನ್ನು ಬಿದ್ದಿದೆ ಎಂದು ತೋರಿಸಿಕೊಡುವ ಆಟಗಳಿಗೂ ಅಷ್ಟೇ ಬೆಲೆ.

ಖಾತೆ ತೆರೆದು, ವರ್ಕರ್ ಎಂಬ ಪೈಥಾನ್ ತಂತ್ರಾಂಶ ಇಳಿಸಿಕೊಂಡು, ಎಷ್ಟು ಕೋರ್ ಕೊಡುತ್ತೀರೆಂದು ಹೇಳಿ ಓಡಿಸಿ. ಅದು ಎಂಜಿನ್‌ನ ಮೂಲವನ್ನು ತಂದು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿಕೊಳ್ಳುವುದರಿಂದ ಸಿ++ ಕಂಪೈಲರ್ ಮೊದಲೇ ಇರಬೇಕು. ಮೊದಲ ಓಟದಲ್ಲೇ ನಿಂತರೆ ಕಂಪೈಲರ್ ಇದೆಯೇ, ಹಳೆಯದಾಗಿದೆಯೇ ಎಂದು ಮೊದಲು ನೋಡಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಲೀಲಾದ ತರಬೇತಿ ಆಟಗಳಿಗೆ ಕೊಡಬಹುದು. ಲೀಲಾದ ಆಟಗಳ ದತ್ತಾಂಶದಿಂದಲೇ ಸ್ಟಾಕ್‌ಫಿಶ್‌ನ ಈಚಿನ ಜಾಲಗಳೂ ತರಬೇತಿ ಪಡೆದಿರುವುದರಿಂದ ಆ ಕೊಡುಗೆ ಎರಡೂ ಕಡೆ ತಲುಪುತ್ತದೆ. ಕೋರ್‌ಗಳಲ್ಲಿ ಒಂದನ್ನು ಕಂಪ್ಯೂಟರಿನ ಸ್ವಂತ ಕೆಲಸಕ್ಕೆ ಬಿಡಿ. ಆಟ ನಡೆಯುವಾಗ ಅದೇ ಯಂತ್ರದಲ್ಲಿ ವಿಡಿಯೊ ಪರಿವರ್ತನೆಯಂಥ ಭಾರದ ಕೆಲಸ ಹಚ್ಚಬೇಡಿ. ಸಮಯ ಮೀರಿದ ಸೋಲುಗಳು ನಿಮ್ಮ ಯಂತ್ರದಿಂದ ಮೇಲಿಂದ ಮೇಲೆ ಬಂದರೆ ಆ ಫಲಿತಾಂಶಗಳು ಪರೀಕ್ಷೆಯನ್ನೇ ಕೆಡಿಸುತ್ತವೆ.